ಬಟಾಣಿ ಕ್ಷೇಮವಾಗಿದ್ದಾನೆ

ರಾಜಾಜಿನಗರ, ಬೆಂಗಳೂರು
12 ಆಗಸ್ಟ್ 1974

ಅಕ್ಕನಿಗೆ ಪುರುಷೋತ್ತಮನ ನಮಸ್ಕಾರ.

ಕಾರ್ಖಾನೆಯ ಟೀ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ. ಅಮ್ಮನ ಮಂಡಿನೋವು ಹಾಗೇ ಇದೆ, ಮಡಿಯೂ ಹಾಗೇ ಇದೆ. ಪಂಕಜಾಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಈ ತಿಂಗಳೂ ಮಧ್ಯಾಹ್ನದ ಡ್ಯೂಟಿ. ನನಗೆ ವಾರಕ್ಕೊಂದು ಶಿಫ್ಟು. ಗಂಡ ಹೆಂಡತಿ ಒಟ್ಟಿಗೆ ಕೂತು ಉಂಡು ಹದಿನೈದು ದಿನವಾಯಿತು.

ಒಂದು ಸಣ್ಣ ವಿಷಯಕ್ಕೆ ಬರೆದೆ. ನಿಮ್ಮ ನಾಯಿ ಕೆಂಚಿ ನಾಲ್ಕು ಮರಿ ಹಾಕಿದೆ ಎಂದು ತಿಳಿಸಿದ್ದೆಯಲ್ಲ, ಆ ಕಾಗದವನ್ನು ಕೋಕಿಲಾ ತಾನೇ ಓದಿಕೊಂಡಳು. ಎರಡನೇ ಕ್ಲಾಸಿಗೇ ಒತ್ತಕ್ಷರವನ್ನು ತಡವರಿಸದೆ ಓದುತ್ತಾಳೆ, ಎಲ್ಲ ನೀನು ಕಲಿಸಿದ್ದು. ಓದಿ ಮುಗಿಸಿ, "ಅಪ್ಪಾ, ಒಂದು ಮರಿ ನಮ್ಮನೇಲಿ ಇಟ್ಕೊಳ್ಳೋಣ್ವಾ?" ಅಂದಳು. ಒಂದೇ ಸಲ. ಹಟ ಮಾಡಿದ್ದರೆ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಅವಳು ಹಟವನ್ನೇ ಮಾಡುವುದಿಲ್ಲ.

ಆರು ವರ್ಷ ನಿನ್ನ ಹತ್ತಿರ ಬೆಳೆದ ಹುಡುಗಿ. ಇಲ್ಲಿಗೆ ಕರೆದುಕೊಂಡು ಬಂದು ಒಂದು ವರ್ಷ ದಾಟಿತು. ಇನ್ನೂ ನೆಂಟರ ಮನೆಗೆ ಬಂದವಳ ಹಾಗೆ, ನೀರು ಕುಡಿದ ಲೋಟ ಎಲ್ಲಿಡಲಿ ಎಂದು ಕೇಳುತ್ತಾಳೆ. ಮರಿಯೊಂದಿದ್ದರೆ ಈ ಮನೆಗೆ ಹೊಂದಿಕೊಂಡಾಳು ಎಂದು ನನಗೆ ತೋರುತ್ತದೆ. ಬರುವ ಭಾನುವಾರ ಬಂದು ಒಂದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋಗಲೇ?

ಸೈರನ್ ಆಯಿತು. ನಿಲ್ಲಿಸುತ್ತೇನೆ.

ನಿನ್ನ ತಮ್ಮ,
ಪುರುಷೋತ್ತಮ


ಕೆಂಗೇರಿ
15 ಆಗಸ್ಟ್ 1974

ಚಿ. ಪುರುಷೋತ್ತಮನಿಗೆ ಅನಂತಕ್ಕನ ಆಶೀರ್ವಾದ.

ಶಾಲೆಯಲ್ಲಿ ಬಾವುಟ ಹಾರಿಸಿ, ಮಕ್ಕಳಿಗೆ ಪೆಪ್ಪರ್‌ಮಿಂಟ್ ಹಂಚಿ, ಈಗ ತಾನೇ ಮನೆಗೆ ಬಂದೆ. ಹೆಡ್‌ಮಿಸ್ಟ್ರೆಸ್ ಎಂದರೆ ಪೆಪ್ಪರ್‌ಮಿಂಟ್ ಸಾಲದೆ ಹೋದಾಗ ಬೈಸಿಕೊಳ್ಳುವವಳು.

ನೀನು "ಒಂದು ಸಣ್ಣ ವಿಷಯ" ಎಂದು ಬರೆದಿದ್ದೀಯ. ಹೋದ ವರ್ಷ ಜೂನ್‌ನಲ್ಲೂ ಹೀಗೇ ಸಣ್ಣ ವಿಷಯ ಎಂದುಕೊಂಡು ಬಂದು ಏನನ್ನು ಕರೆದುಕೊಂಡು ಹೋದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಮಗಳು, ನಿನ್ನ ಮನೆ.

ಬರುವ ಭಾನುವಾರ ಬರಬೇಡ. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಆ ಮನೆಯಲ್ಲಿ ಮರಿಯನ್ನು ಮುಟ್ಟುವವರು ಯಾರು, ಮೊದಲು ಅದನ್ನು ಹೇಳು. ಅಮ್ಮ ಮುಟ್ಟುವುದಿಲ್ಲ. ಸ್ಕೂಲಿಂದ ಬಂದ ಮೊಮ್ಮಗಳನ್ನೇ ಬಟ್ಟೆ ಬದಲಾಯಿಸುವವರೆಗೆ ಒಳಗೆ ಸೇರಿಸದವಳು ನಾಯಿಮರಿಗೆ ಅನ್ನ ಕಲಸಿ ಹಾಕುತ್ತಾಳೆಯೇ? ಮೊದಲ ವಾರವೆಲ್ಲ ಅದು ಕುಂಯ್‌ಗುಡುತ್ತದೆ. ಶಿಫ್ಟು ಮುಗಿಸಿ ಬಂದು ಮಲಗಿದ ನೀನು ಎದ್ದು ನೋಡುತ್ತೀಯಾ? ಹೊಟ್ಟೆ ಕೆಟ್ಟರೆ ಹಜಾರ ಒರೆಸುವವರು ಯಾರು? ಹಬ್ಬಕ್ಕೆ ನೀವೆಲ್ಲ ಊರಿಗೆ ಹೋದರೆ ಅದು ಎಲ್ಲಿರಬೇಕು? ನಾನೂ ಕೆಲಸಕ್ಕೆ ಹೋಗುವವಳೇ, ಗಂಡನೂ ಇಲ್ಲದವಳು. ಆದರೆ ನಾನು ಶಾಲೆಯಲ್ಲಿದ್ದಾಗ ಮನೆಯಲ್ಲಿ ನರಸಮ್ಮ ಇದ್ದಳು. ಕೋಕಿಲಾ ಅವಳ ಸೊಂಟದ ಮೇಲೇ ಬೆಳೆದದ್ದು. ನಿನ್ನ ಮನೆಯಲ್ಲಿ ಹಾಗೆ ಸೊಂಟ ಕೊಡುವವರು ಯಾರಪ್ಪಾ?

ಮಗುವಿಗೆ ಬೇಜಾರು ಎಂದು ಮರಿ ತರುತ್ತೀಯ. ನಾಳೆ ಮರಿಗೆ ಬೇಜಾರಾದರೆ ಏನು ತರುತ್ತೀಯ?

ಇನ್ನೊಂದು. ಎರಡು ತಿಂಗಳು ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು. ಮಾಡಿದರೆ ಅದೇನೂ ಸಾಯುವುದಿಲ್ಲ, ಬೆಳೆಯುತ್ತದೆ. ಆದರೆ ಯಾರು ಎಷ್ಟು ಮುದ್ದು ಮಾಡಿದರೂ ಬಾಗಿಲ ಕಡೆ ನೋಡುತ್ತಲೇ ಇರುತ್ತದೆ.

ನೀನೂ ಪಂಕಜಾನೂ ಒಟ್ಟಿಗೆ ಕೂತು ಯೋಚನೆ ಮಾಡಿ ಬರೆಯಿರಿ. ನಿನಗೆ ಹೆಸರಿಟ್ಟದ್ದೇ ತಪ್ಪಾಯಿತು, ಪುರುಷೋತ್ತಮನಿಗೆ ಪುರುಸೊತ್ತೇ ಇಲ್ಲ. ಒಟ್ಟಿಗೆ ಕೂರಲು ಅರ್ಧ ಗಂಟೆ ಸಿಗದಿದ್ದರೆ ನನ್ನ ಪ್ರಶ್ನೆಗಳಿಗೆ ಅದೇ ಉತ್ತರ.

ಅನಂತಲಕ್ಷ್ಮಿ


ರಾಜಾಜಿನಗರ
26 ಆಗಸ್ಟ್ 1974

ಪೂಜ್ಯ ಅಕ್ಕನವರಿಗೆ ಪಂಕಜಾಳ ನಮಸ್ಕಾರಗಳು.

ನೀವು ಬರೆದ ಕಾಗದವನ್ನು ಅವರು ನನ್ನ ಕೈಗೆ ಕೊಟ್ಟು ಶಿಫ್ಟಿಗೆ ಹೋದರು. ಎಕ್ಸ್‌ಚೇಂಜಿನ ಊಟದ ಕೋಣೆಯಲ್ಲಿ ಅದನ್ನು ಎರಡು ಸಲ ಓದಿದೆ. ಉತ್ತರ ಬರೆಯಬೇಕಾದವಳು ನಾನೇ ಅನ್ನಿಸಿತು.

ನಿಮಗೆ ಇದ್ದದ್ದನ್ನೇ ಹೇಳುತ್ತೇನೆ. ನಾನು ಡ್ಯೂಟಿಗೆ ಹೊರಟ ಮೇಲೆ ಮೂರೂವರೆಯವರೆಗೆ ಮರಿಯನ್ನು ಮುಟ್ಟುವವರು ಯಾರೂ ಇಲ್ಲ. ಮೂರೂವರೆಗೆ ಕೋಕಿಲಾ ಬರುತ್ತಾಳೆ. ಅತ್ತೆಯವರು ಒಳಗಿನಿಂದಲೇ, "ಯೂನಿಫಾರಂ ಬಿಚ್ಚಿ ಕೈಕಾಲು ತೊಳ್ಕೊಂಡು ಬಾಮ್ಮಾ" ಎನ್ನುತ್ತಾರೆ. ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಅವರ ಮೇಲೆ ದೂರು ಹೇಳುತ್ತಿಲ್ಲ. ಆದರೆ ಕೋಕಿಲಾ ಕೆಲವು ದಿನ ಬಟ್ಟೆ ಬದಲಾಯಿಸುವುದೇ ಇಲ್ಲ. ಕತ್ತಲಾಗುವವರೆಗೆ ಯೂನಿಫಾರಂನಲ್ಲೇ ಮೆಟ್ಟಿಲ ಮೇಲೆ ಕೂತಿರುತ್ತಾಳಂತೆ. ನಾನು ಬರುವುದು ಒಂಬತ್ತಕ್ಕೆ. ಅಷ್ಟರಲ್ಲಿ ಅವಳು ಮಲಗಿರುತ್ತಾಳೆ, ಅಥವಾ ಮಲಗಿರುವ ಹಾಗೆ ಕಣ್ಣು ಮುಚ್ಚಿಕೊಂಡಿರುತ್ತಾಳೆ.

ಮರಿಯನ್ನು ತಾಯಿಯಿಂದ ಬೇಗ ಬೇರೆ ಮಾಡಬಾರದು ಎಂದು ಬರೆದಿದ್ದೀರಿ. ನೀವು ಅದನ್ನು ಮರಿಯ ವಿಷಯವಾಗಿಯೇ ಬರೆದಿದ್ದೀರಿ ಎಂದು ನನಗೆ ಗೊತ್ತು. ಕೋಕಿಲಾಗೆ ನಾಲ್ಕು ತಿಂಗಳಾದಾಗ ನನ್ನ ರಜೆ ಮುಗಿದಿತ್ತು. ಅವಳನ್ನು ನಿಮ್ಮ ಮಡಿಲಿಗೆ ಹಾಕಿ ಕೆಂಗೇರಿ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ನನ್ನ ರವಿಕೆ ಒದ್ದೆಯಾಗಿತ್ತು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಈ ಮನೆಗೆ ಬಂದ ಮೇಲೆ ಅವಳು ಏನನ್ನೂ ಕೇಳಿಲ್ಲ ಅಕ್ಕ. ರಿಬ್ಬನ್ ಕೇಳಿಲ್ಲ, ಮಿಠಾಯಿ ಕೇಳಿಲ್ಲ. ಈಗ ಒಂದನ್ನು ಕೇಳಿದ್ದಾಳೆ. ಯೋಚನೆ ಮಾಡಿ ಎಂದಿರಿ, ಮಾಡಿದೆ. ಯೋಚನೆ ಮಾಡಿದಷ್ಟೂ ತರಬಾರದು ಎಂದೇ ಅನ್ನಿಸುತ್ತದೆ. ಆದರೂ ಕೊಡಿ.

ನಿಮ್ಮ,
ಪಂಕಜಾ


ಕೆಂಗೇರಿ
14 ಸೆಪ್ಟೆಂಬರ್ 1974

ಚಿ. ಸೌ. ಪಂಕಜಾಗೆ ಅನಂತಲಕ್ಷ್ಮಿಯ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದೆ. ನನ್ನ ನಾಲಗೆ ಸ್ವಲ್ಪ ಉದ್ದ, ಅದು ನಿನಗೆ ಗೊತ್ತು. ನಿನ್ನನ್ನು ನೋಯಿಸಬೇಕೆಂದು ಬರೆದದ್ದಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಇನ್ನು ಮುಂದೆ ಹಾಗೆ ಬರೆಯುವುದಿಲ್ಲ.

ಇಪ್ಪತ್ತೆರಡಕ್ಕೆ ಮರಿಗಳಿಗೆ ಎರಡು ತಿಂಗಳು ತುಂಬುತ್ತದೆ, ಭಾನುವಾರ. ನಿಮಗಿಬ್ಬರಿಗೂ ರಜೆ ಸಿಗುವ ಹಾಗೆ ನೋಡಿಕೊಂಡು ಮೂವರೂ ಬನ್ನಿ. ಯಾವುದು ಬೇಕೆಂದು ಕೋಕಿಲಾ ಆರಿಸಲಿ. ಹಾಲು ಒಂದು ಪಾಲು, ನೀರು ಒಂದು ಪಾಲು, ಜೊತೆಗೆ ಮೆತ್ತಗಿನ ಅನ್ನ. ಅದರ ಜಾಗ ಹಿತ್ತಲಲ್ಲಿ ನೀರೊಲೆಯ ಪಕ್ಕ ಆಗಲಿ, ಬೆಚ್ಚಗಿರುತ್ತದೆ, ಅಮ್ಮನ ಮಡಿಗೂ ಅಡ್ಡ ಬರುವುದಿಲ್ಲ. ಸ್ವಲ್ಪ ಬೆಳೆದ ಮೇಲೆ ಪುರುಷೋತ್ತಮ ಕಾರ್ಪೊರೇಷನ್ನಿನಲ್ಲಿ ನಾಯಿಯ ಲೈಸೆನ್ಸ್ ಮಾಡಿಸಿ ಕೊರಳಿಗೆ ಕಟ್ಟುವ ಬಿಲ್ಲೆ ತರಲಿ. ಬಿಲ್ಲೆಯನ್ನು ದಾರದಲ್ಲಿ ಕಟ್ಟಬೇಡಿ, ಕಡಿದು ಹಾಕುತ್ತದೆ. ಗಟ್ಟಿ ಚರ್ಮದ ಬೆಲ್ಟು ತಂದು ಅದಕ್ಕೆ ಸೇರಿಸಿ. ನಿಮ್ಮ ಕಡೆ ಬಿಲ್ಲೆಯಿಲ್ಲದ ನಾಯಿಗಳನ್ನು ಹಿಡಿಯುವವರ ವ್ಯಾನು ಓಡಾಡುತ್ತದೆ ಎಂದು ಕೇಳಿದ್ದೇನೆ.

ಬರುವಾಗ ಕೋಕಿಲಾಗೆ ಹಳೇ ಲಂಗ ಹಾಕು. ಮರಿ ಬಸ್ಸಿನಲ್ಲಿ ಸುಮ್ಮನಿರುವುದಿಲ್ಲ.

ಅನಂತಲಕ್ಷ್ಮಿ


ರಾಜಾಜಿನಗರ
28 ಅಕ್ಟೋಬರ್ 1974

ಅಕ್ಕನಿಗೆ ನಮಸ್ಕಾರ.

ನಿನ್ನ ಪ್ರಶ್ನೆಪತ್ರಿಕೆಯಲ್ಲಿ ನಾವು ಪಾಸಾದೆವು ಎಂದು ತಿಳಿಸಲು ಬರೆಯುತ್ತಿದ್ದೇನೆ. ಮರಿಯ ಹೆಸರು ಬಟಾಣಿ. ಇಟ್ಟವಳು ಕೋಕಿಲಾ. ಯಾಕಮ್ಮಾ ಎಂದರೆ, "ಮೂಗು ಬಟಾಣಿ ಥರಾನೇ ಇದೆ ನೋಡಪ್ಪಾ" ಎನ್ನುತ್ತಾಳೆ. ನಾವು ಅದು ಇದು ಎಂದರೆ ಅವಳಿಗೆ ಕೋಪ. ಬಟಾಣಿ ಬಂದ, ಬಟಾಣಿ ಉಂಡ ಎನ್ನಬೇಕು.

ಮೂರೂವರೆಗೆ ಸ್ಕೂಲಿಂದ ಬಂದವಳೇ ಈಗ ಓಡಿಹೋಗಿ ಬಟ್ಟೆ ಬದಲಾಯಿಸುತ್ತಾಳೆ. ಯೂನಿಫಾರಂ ಕೊಳೆಯಾದರೆ ಮಾರನೆಯ ದಿನ ಟೀಚರ್ ಬೈಯುತ್ತಾರಲ್ಲ. ಮೊನ್ನೆ ರಜೆಯ ದಿನ ಹಿತ್ತಲಲ್ಲಿ ಅವಳು ಗಟ್ಟಿಯಾಗಿ ನಕ್ಕದ್ದು ಕೇಳಿ ಪಂಕಜಾ ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಅಮ್ಮನ ವಿಷಯ ಕೇಳು. "ನನ್ನ ಹತ್ರ ಸುಳೀಬಾರ್ದು ಅದು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಆದರೆ ದೋಸೆ ಮಾಡಿದ ದಿನ ಕೊನೆಯ ಚೂರನ್ನು ಹಿತ್ತಲ ಬಾಗಿಲಿನಿಂದ ಎಸೆಯುತ್ತಾಳೆ. ಎಸೆಯುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾಳೆ, ನೋಡದಿದ್ದರೆ ಮೈಲಿಗೆ ತಟ್ಟುವುದಿಲ್ಲ ಅಂತಿರಬೇಕು.

ಬೆಲ್ಟು ತಂದಿದ್ದೇನೆ. ಬಿಲ್ಲೆಗೆ ಬರೆದುಕೊಟ್ಟಿದ್ದೇನೆ, ಮುಂದಿನ ತಿಂಗಳು ಬರುತ್ತದೆ.

ಡಿಸೆಂಬರ್ ಹತ್ತಕ್ಕೆ ಅಪ್ಪನ ತಿಥಿ. ಹಿಂದಿನ ದಿನವೇ ಬಂದುಬಿಡು. ಕೋಕಿಲಾ ಈಗಿನಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.

ಪುರುಷೋತ್ತಮ


ಕೆಂಗೇರಿ
5 ಡಿಸೆಂಬರ್ 1974

ಚಿ. ಪುರುಷೋತ್ತಮನಿಗೆ,

ತಿಥಿಗೆ ಬರಲಾಗುತ್ತಿಲ್ಲ. ಒಂಬತ್ತು, ಹತ್ತು ಎರಡೂ ದಿನ ಶಾಲೆಗೆ ಇನ್ಸ್‌ಪೆಕ್ಷನ್ ಇಟ್ಟಿದ್ದಾರೆ. ಹೆಡ್‌ಮಿಸ್ಟ್ರೆಸ್ ಇಲ್ಲದಿದ್ದರೆ ಆಗುವುದಿಲ್ಲವಂತೆ. ಅಪ್ಪ ಇದ್ದಿದ್ದರೆ "ಡ್ಯೂಟಿ ಮೊದ್ಲು ಕಣಮ್ಮಾ" ಎನ್ನುತ್ತಿದ್ದರು. ಈ ಮಾತನ್ನೇ ಹಿಡಿದು ನಾನು ಹಿಂದೆ ನಿನ್ನನ್ನೂ ಪಂಕಜಾಳನ್ನೂ ಆಡಿಕೊಂಡಿದ್ದೇನೆ, ಈಗ ನನಗೇ ಬಂತು.

ಕೋಕಿಲಾಗೆ ಸಮಾಧಾನ ಹೇಳು. ಸಂಕ್ರಾಂತಿಗೆ ಅವಳನ್ನೂ ಬಟಾಣಿಯನ್ನೂ ಇಲ್ಲಿಗೆ ಕರೆದುಕೊಂಡು ಬಾ.

ಅನಂತಲಕ್ಷ್ಮಿ


ರಾಜಾಜಿನಗರ
14 ಡಿಸೆಂಬರ್ 1974

ಅಕ್ಕ,

ಬಟಾಣಿ ಹೋಯಿತು. ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಂಗಳವಾರ ತಿಥಿ. ಕೋಕಿಲಾ ಸ್ಕೂಲಿಗೆ ಹೋದಳು. ಪಂಕಜಾ ಬೆಳಗಿನಿಂದ ಮಡಿಯಲ್ಲಿ ಅಡುಗೆಗೆ ನಿಂತಿದ್ದಳು. ಪುರೋಹಿತರು ಬರುವ ಹೊತ್ತಿಗೆ ಅಮ್ಮ, "ಆ ಚರ್ಮ ಮನೆಯಿಂದ ಆಚೆ ಹೋಗ್ಲಿ ಕಣೋ, ಇವತ್ತೊಂದು ದಿನ" ಅಂದಳು. ಚಪ್ಪಲಿಗಳನ್ನೆಲ್ಲ ಎತ್ತಿ ಗೇಟಿನ ಮೂಲೆಗೆ ಹಾಕಿದೆ. ಬಟಾಣಿಯ ಬೆಲ್ಟನ್ನೂ ಬಿಚ್ಚಿ ಅವುಗಳ ಜೊತೆಗಿಟ್ಟೆ. ಬಿಲ್ಲೆ ಬೆಲ್ಟಿನಲ್ಲೇ ಇದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಚರ್ಮ ಆಚೆ ಹೋಗಬೇಕು, ಹೋಯಿತು, ಅಷ್ಟೇ. ಮರಿಯನ್ನು ಹಿತ್ತಲಲ್ಲಿ ಕೂಡಿಹಾಕಿದೆ.

ಊಟ ಮುಗಿಸಿ ಪುರೋಹಿತರು ಹೋದರು, ಗೇಟು ತೆರೆದೇ ಉಳಿಯಿತು. ಎಲೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದವನು ನಾನೇ, ಬಾಗಿಲು ಹಾಕದೆ ಬಂದವನೂ ನಾನೇ. ಬೆಳಗಿನಿಂದ ಉಪವಾಸ, ಉಂಡು ಒರಗಿದವನಿಗೆ ಕಣ್ಣು ಹತ್ತಿತು. ಎದುರು ಮನೆಯ ಜಯದೇವಮ್ಮ ಬಾಗಿಲು ಬಡಿದು, "ನಿಮ್ಮ ನಾಯಿ ಹಿಡ್ಕೊಂಡು ಹೋದ್ರು ಸ್ವಾಮಿ, ಕೊರಳಲ್ಲಿ ಬಿಲ್ಲೆ ಇರ್ಲಿಲ್ವಲ್ಲ, ಬೀದಿನಾಯಿ ಅಂದ್ಕೊಂಡ್ರು" ಎಂದಾಗ ವ್ಯಾನು ಹೋಗಿ ಎಷ್ಟೋ ಹೊತ್ತಾಗಿತ್ತು.

ಹಿಡಿದ ನಾಯಿಗಳನ್ನು ಎರಡು ದಿನ ಕೂಡಿಡುವ ಕಾರ್ಪೊರೇಷನ್ ದೊಡ್ಡಿಗೆ ಮಾರನೆಯ ದಿನವೇ ಹೋಗಬಹುದಿತ್ತು. ಒಂದು ದಿನ ರಜೆ ಹಾಕಿಯಾಗಿದೆ, ಇನ್ನೊಂದು ದಿನ ಕೊಡುವುದಿಲ್ಲ ಎಂದು ನಾನೇ ಅಂದುಕೊಂಡೆ. ಫೋರ್‌ಮನ್ನನ್ನು ಕೇಳಲೇ ಇಲ್ಲ. ಶುಕ್ರವಾರ ಬಿಲ್ಲೆ ಹಿಡಿದುಕೊಂಡು ಹೋದೆ. ಗುರುವಾರವೇ ಮುಗಿಸಿಬಿಟ್ಟಿದ್ದರು.

ಅಕ್ಕ, ಒಂದು ಉಪಕಾರ ಮಾಡು. ಅವತ್ತು ಮೂರೂವರೆಗೆ ಕೋಕಿಲಾ ಬಂದು ಬಟಾಣಿ ಎಲ್ಲಿ ಎಂದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಅತ್ತೆ ಬಂದಿದ್ರು, ಮರಿ ಅಮ್ಮನ್ನ ನೆನೆಸ್ಕೊಂಡು ಅಳ್ತಿತ್ತು, ಅದಕ್ಕೆ ಕೆಂಗೇರಿಗೆ ಕರ್ಕೊಂಡು ಹೋದ್ರು" ಎಂದೆ. ನಂಬಿದಳೋ ಇಲ್ಲವೋ ತಿಳಿಯದು. ಅವಳು ನಿನಗೆ ಬರೆದರೆ ಮರಿ ಚೆನ್ನಾಗಿದೆ ಎಂದು ಎರಡು ಸಾಲು ಬರೆದುಬಿಡು. ಮಕ್ಕಳು ಬೇಗ ಮರೆಯುತ್ತಾರೆ.

ಅಮ್ಮ ಇವತ್ತು ದೋಸೆ ಹಾಕುವಾಗ ಕೊನೆಯ ಚೂರನ್ನು ಪಕ್ಕಕ್ಕೆ ಎತ್ತಿಟ್ಟಳು. ಆಮೇಲೆ ನೆನಪಾಗಿ ಅಲ್ಲೇ ಕೂತುಬಿಟ್ಟಳು.

ಪುರುಷೋತ್ತಮ


ಕೆಂಗೇರಿ
18 ಡಿಸೆಂಬರ್ 1974

ಪುರುಷೋತ್ತಮನಿಗೆ,

ನಿನ್ನನ್ನು ಬೈದು ಒಂದು ಕಾಗದ ಬರೆದಿದ್ದೆ. ಅದನ್ನು ನೀರೊಲೆಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ.

ಅಷ್ಟೊಂದು ಪ್ರಶ್ನೆ ಕೇಳಿದ ಜಾಣೆ ನಾನು. ತಿಥಿಯ ದಿನ ಆ ಬೆಲ್ಟನ್ನು ಏನು ಮಾಡುತ್ತೀರಿ ಎಂದು ಕೇಳಲಿಲ್ಲ. ಚರ್ಮದ್ದೇ ಇರಲಿ ಎಂದು ಹೇಳಿದವಳೂ ನಾನೇ. ಅಮ್ಮನ ಕೈಕೆಳಗೆ ಬೆಳೆದವಳಲ್ಲವೇ ನಾನು? ಹಬ್ಬದ ದಿನ ಅವಳು ಅಪ್ಪನ ಗಡಿಯಾರದ ಚರ್ಮದ ಪಟ್ಟಿಯನ್ನು ಕಡ್ಡಿಯಿಂದ ಎತ್ತಿ ಹೊರಗಿಡುತ್ತಿದ್ದದ್ದನ್ನು ಎಷ್ಟು ಸಲ ನೋಡಿಲ್ಲ. ಹಳೇ ಸೀರೆಯ ಅಂಚನ್ನು ನಾಲ್ಕು ಪದರ ಮಡಿಚಿ ಹೊಲಿದು ಬಿಲ್ಲೆ ಸೇರಿಸಿದ್ದರೆ ಸಾಕಾಗಿತ್ತು. ಒಂದು ಸಂಜೆಯ ಕೆಲಸ. ಬೇರೆಯವರ ಮನೆಯಲ್ಲಾದರೆ ಈ ಮರಿ ಬದುಕಿರುತ್ತಿತ್ತು. ನಮ್ಮ ಮನೆಯವರಿಗೆ ಮಾತ್ರ ಇಂಥ ತಪ್ಪು ಮಾಡಲು ಬರುವುದು.

ಆದರೆ ನನ್ನ ಕೈಲಿ ಸುಳ್ಳು ಬರೆಸಬೇಡ. ಕೋಕಿಲಾಗೆ ಸೂಜಿ ಹಾಕಿಸಲು ಕರೆದುಕೊಂಡು ಹೋದಾಗ ಎಲ್ಲರೂ "ನೋಯಲ್ಲ ಪುಟ್ಟಿ" ಎನ್ನುತ್ತಿದ್ದರು. ನಾನು, "ನೋಯತ್ತೆ ಕಣೇ, ನನ್ನ ಕೈ ಗಟ್ಟಿಯಾಗಿ ಹಿಡ್ಕೋ" ಎನ್ನುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಆ ಆರು ವರ್ಷದಲ್ಲಿ ನಾನು ಅವಳಿಗೆ ಮೋಸ ಮಾಡಿದ್ದು ಒಂದೇ ಸಲ. "ಎರಡು ದಿನ ಇದ್ದು ಬರೋಣ ಬಾ" ಎಂದು ನೀನು ಅವಳನ್ನು ಬಸ್ಸು ಹತ್ತಿಸಿದಾಗ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಕೂರಿಸಿಕೊಂಡು ನೀವೇ ಹೇಳಿ. ಅಳಲಿ. ಅಳುವಾಗ ಯಾರಾದರೂ ಮನೆಯಲ್ಲಿರಿ.

ಅನಂತಲಕ್ಷ್ಮಿ


ರಾಜಾಜಿನಗರ
22 ಡಿಸೆಂಬರ್ 1974

ನನ್ನ ಅತ್ತೆಗೆ ಕೋಕಿಲಾ ಬರೆಯೋದು,

ನೀನು ಹೇಗಿದ್ದೀಯ? ಕೆಂಚಿ ಹೇಗಿದೆ? ನರಸಮ್ಮ ಹೇಗಿದ್ದಾಳೆ? ನಂಗೆ ಲೆಕ್ಕದಲ್ಲಿ ಎಲ್ಲಾ ಸರಿ ಬಂತು.

ಬಟಾಣಿ ಅಳ್ತಾನೆ ಅಂತ ನೀನು ಬಂದು ಕರ್ಕೊಂಡು ಹೋದೆಯಂತೆ. ನಾನು ಸ್ಕೂಲಿಂದ ಬರೋವರೆಗೂ ಯಾಕೆ ಇರಲಿಲ್ಲ? ನಾನು ಓಡಿಕೊಂಡೇ ಬಂದಿದ್ದೆ. ನಾನೂ ಮೊದಲು ಅಳ್ತಾ ಇದ್ದೆ ಅತ್ತೆ, ಇಲ್ಲಿಗೆ ಬಂದಾಗ. ಬಾತ್‌ರೂಮಲ್ಲಿ ಅಳ್ತಾ ಇದ್ದೆ. ಅದು ನಿಂಗೆ ಗೊತ್ತಾಗಲಿಲ್ಲ ಅಲ್ವಾ? ಗೊತ್ತಾಗಿದ್ರೆ ನನ್ನನ್ನೂ ಬಂದು ಕರ್ಕೊಂಡು ಹೋಗ್ತಿದ್ದೆ.

ಬಟಾಣಿ ಚೆನ್ನಾಗಿದ್ದಾನೆ ಅಂತ ಅಪ್ಪ ಹೇಳ್ತಾರೆ. ಅಪ್ಪ ನಂಗೂ ಎರಡು ದಿನ ಅಂತ ಹೇಳಿದ್ರು. ನೀನು ಬರೆದರೆ ನಂಬ್ತೀನಿ.

ನಿನ್ನ ಕೋಕಿಲಾ


ಕೆಂಗೇರಿ
29 ಡಿಸೆಂಬರ್ 1974

ಮುದ್ದು ಕೋಕಿಲಾಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂತು. ಅಕ್ಷರ ದುಂಡಗಿದೆ. ಲೆಕ್ಕದಲ್ಲಿ ಎಲ್ಲ ಸರಿ ಬಂದದ್ದು ಕೇಳಿ ಸಂತೋಷವಾಯಿತು.

ಬಟಾಣಿ ಕ್ಷೇಮವಾಗಿದ್ದಾನೆ. ಕೆಂಚಿಯ ಪಕ್ಕದಲ್ಲೇ ಮಲಗುತ್ತಾನೆ. ನರಸಮ್ಮ ಹಾಕಿದ ಹಾಲನ್ನೆಲ್ಲ ಕುಡಿದು ಬಟ್ಟಲನ್ನು ಮೂಗಿನಿಂದ ತಳ್ಳಿಕೊಂಡು ಓಡಾಡುತ್ತಾನೆ.

ಜಾಸ್ತಿ ಬರೆಯಲು ಪುರುಸೊತ್ತಿಲ್ಲ ಮಗು.

ಅತ್ತೆ


ರಾಜಾಜಿನಗರ
3 ಮಾರ್ಚ್ 1975

ಅಕ್ಕನಿಗೆ ನಮಸ್ಕಾರ.

ನೀನು ಬರೆದ ಮೇಲೆ ಕೋಕಿಲಾ ಗೆಲುವಾಗಿದ್ದಾಳೆ. ಆ ಕಾಗದವನ್ನು ಪುಸ್ತಕದಲ್ಲಿಟ್ಟುಕೊಂಡು ಸ್ಕೂಲಿಗೆ ಒಯ್ಯುತ್ತಾಳೆ. ನಿನ್ನ ಉಪಕಾರ ಮರೆಯುವುದಿಲ್ಲ.

ಈಗ ತೊಂದರೆ ಏನೆಂದರೆ, ಶಿವರಾತ್ರಿಗೆ ಕೆಂಗೇರಿಗೆ ಹೋಗೋಣ ಎನ್ನುತ್ತಾಳೆ. ಸಂಕ್ರಾಂತಿಗೇನೋ ನೆಗಡಿ ಎಂದು ತಪ್ಪಿಸಿದೆವು. ಈ ಸಲ ಪರೀಕ್ಷೆ ಎಂದಿದ್ದೇನೆ. ಅವಳು ಮರೆಯುವವರೆಗೆ ಅಲ್ಲಿಗೆ ಕಳಿಸದೆ ಇರುವುದೇ ಒಳ್ಳೆಯದು. ನೀನೂ ಇತ್ತ ಸದ್ಯಕ್ಕೆ ಬರಬೇಡ, ಬಂದರೆ ಬಟಾಣಿಯನ್ನು ಯಾಕೆ ತರಲಿಲ್ಲ ಎನ್ನುತ್ತಾಳೆ. ಅಥವಾ ನಿಮ್ಮ ಕಡೆ ಅದೇ ಬಣ್ಣದ ಬೇರೆ ನಾಯಿ ಯಾವುದಾದರೂ ಸಿಗುತ್ತದೆಯೇ ನೋಡು. ಬೆಳೆದಿದ್ದಾನೆ ಎಂದು ಹೇಳಿದರಾಯಿತು.

ಪುರುಷೋತ್ತಮ


ಕೆಂಗೇರಿ
10 ಏಪ್ರಿಲ್ 1975

ಚಿ. ಸೌ. ಪಂಕಜಾಗೆ,

ಇದನ್ನು ನಿನಗೇ ಬರೆಯುತ್ತಿದ್ದೇನೆ. ಅವನಿಗೆ ಬರೆದರೆ ಅದೇ ಬಣ್ಣದ ಬೇರೆ ನಾಯಿಯನ್ನು ಹುಡುಕುತ್ತಾ ಹೋಗುತ್ತಾನೆ.

ಆವತ್ತು ಮರಿ ಸತ್ತುಹೋಯಿತು ಎಂದು ಬರೆಯಲೆಂದೇ ಕೂತೆ. ಇನ್‌ಲ್ಯಾಂಡ್ ಲೆಟರು ಮೂರು ಹಾಳಾದವು. ನಾಲ್ಕನೆಯದರಲ್ಲಿ ಸುಳ್ಳು ಬರೆದೆ. ಅದರಲ್ಲಿ ಒಂದು ಅಕ್ಷರವನ್ನೂ ಹೊಡೆದುಹಾಕಬೇಕಾಗಲಿಲ್ಲ. "ನೀನು ಬರೆದರೆ ನಂಬ್ತೀನಿ" ಎಂದಿದ್ದಳು. ನಿಜ ಬರೆದರೂ ನಂಬುತ್ತಿದ್ದಳು, ಆ ಬುದ್ಧಿ ಆಗ ನನಗೆ ಬರಲಿಲ್ಲ.

ಆ ಸುಳ್ಳನ್ನು ಕಾಯಲು ಈಗ ಮಗುವನ್ನು ನನ್ನ ಹತ್ತಿರ ಕಳಿಸುವ ಹಾಗಿಲ್ಲ, ನಾನು ಅಲ್ಲಿಗೆ ಬರುವ ಹಾಗಿಲ್ಲ. ನಾಲ್ಕು ತಿಂಗಳಾಯಿತು. ಈ ಮನೆಯಲ್ಲಿ ಅವಳ ಪುಟ್ಟ ಮಣೆ ಇನ್ನೂ ಗೋಡೆಗೆ ಒರಗಿಯೇ ಇದೆ. ನನಗೆ ಅವಳನ್ನು ನೋಡದೆ ಇರಲಾಗುವುದಿಲ್ಲ ಪಂಕಜಾ. ನೀನು ಹೆತ್ತವಳು, ನಿನ್ನ ಮುಂದೆ ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇನೆ.

ಪರೀಕ್ಷೆ ಮುಗಿದಿದೆ. ಇಪ್ಪತ್ತನೇ ತಾರೀಖು ಭಾನುವಾರ ಬರುತ್ತೇನೆ. ನಾನು ಬರೆದ ಸುಳ್ಳು, ನಾನೇ ಹೇಳುತ್ತೇನೆ. ಆ ಹೊತ್ತು ನೀನು ಮನೆಯಲ್ಲಿರು.

ಅನಂತಲಕ್ಷ್ಮಿ


ರಾಜಾಜಿನಗರ
25 ಏಪ್ರಿಲ್ 1975

ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು.

ಭಾನುವಾರ ನೀವು ಹಿತ್ತಲ ಮೆಟ್ಟಿಲ ಮೇಲೆ ಕೋಕಿಲಾಳನ್ನು ಕೂರಿಸಿಕೊಂಡು ಹೇಳಿದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಎಲ್ಲವೂ ಕೇಳಿಸಿತು. ಅವಳು ಅಳುತ್ತಾಳೆ, ಎತ್ತಿಕೊಳ್ಳಬೇಕು ಎಂದು ಸೆರಗು ಸಿಕ್ಕಿಸಿಕೊಂಡು ಸಿದ್ಧಳಾಗಿದ್ದೆ. ಅವಳು ಅಳಲಿಲ್ಲ. "ಹಾಗಾದ್ರೆ ಹಾಲು ಕುಡಿದಿದ್ದು ಯಾರು ಅತ್ತೆ?" ಅಂದಳು. "ಬಟ್ಟಲು ತಳ್ಕೊಂಡು ಓಡಾಡ್ತಾನೆ ಅಂತ ಬರೆದಿದ್ದೆಯಲ್ಲ ನೀನು" ಅಂದಳು. ಆಮೇಲೆ ನಿಮ್ಮ ಕೈಯನ್ನು ತನ್ನ ಹೆಗಲಿಂದ ಮೆಲ್ಲಗೆ ತೆಗೆದಿಟ್ಟು ಒಳಗೆ ಬಂದಳು. ಅದನ್ನು ನೀವು ದಾರಿಯುದ್ದಕ್ಕೂ ನೆನೆಸಿಕೊಂಡಿರುತ್ತೀರಿ.

ನೀವು ಹೋದ ಮೇಲೆ ಆದದ್ದನ್ನು ತಿಳಿಸುತ್ತೇನೆ. ಪುಸ್ತಕದಿಂದ ನಿಮ್ಮ ಕಾಗದ ತೆಗೆದು ನನ್ನ ಮುಂದೆ ಹಿಡಿದು, "ಇದು ಅತ್ತೆ ಅಕ್ಷರಾನೇ ಅಲ್ವಾ ಅಮ್ಮಾ?" ಎಂದು ಕೇಳಿದಳು. ಹೌದು ಎಂದೆ. ಮಡಿಚಿ ನನ್ನ ಕೈಗೇ ಕೊಟ್ಟಳು. ಈಗ ಅದು ನನ್ನ ಟ್ರಂಕಿನಲ್ಲಿದೆ.

ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಿಮ್ಮಿಂದ ಸ್ವಲ್ಪ ದೂರವಾದರೆ ಅವಳು ನನಗೆ ಹತ್ತಿರವಾಗುತ್ತಾಳೆ ಎಂದು ನನಗೆ ಒಂದು ಆಸೆ ಇತ್ತು. ನೀವು ಸುಳ್ಳು ಬರೆದಾಗ ನಾನು ತಡೆಯದಿದ್ದಕ್ಕೆ ಅದೂ ಒಂದು ಕಾರಣವಿರಬಹುದು. ಹಾಗಾಗಲಿಲ್ಲ ಅಕ್ಕ. ನಿಮ್ಮನ್ನು ಬಿಟ್ಟವಳು ನನ್ನ ಕಡೆಗೂ ಬರಲಿಲ್ಲ. ಮತ್ತೆ ಯೂನಿಫಾರಂನಲ್ಲಿ ಮೆಟ್ಟಿಲ ಮೇಲೆ ಕೂರುತ್ತಿದ್ದಾಳೆ ಎನ್ನೋಣವೆಂದರೆ ಈಗ ಸ್ಕೂಲಿಗೂ ರಜೆ. ಹೇಳಿದ ಕೆಲಸ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ.

ಬೆಳಗಿನ ಡ್ಯೂಟಿಗೆ ಬರೆದುಕೊಟ್ಟಿದ್ದೇನೆ. ಜೂನ್‌ನಿಂದ ಸಿಕ್ಕರೆ ಮೂರೂವರೆಗೆ ನಾನು ಮನೆಯಲ್ಲಿರುತ್ತೇನೆ. ಇದನ್ನು ಎರಡು ವರ್ಷದ ಹಿಂದೆಯೇ ಕೇಳಬಹುದಿತ್ತು.

ನೀವು ಬರೆಯುವುದನ್ನು ನಿಲ್ಲಿಸಬೇಡಿ.

ಪಂಕಜಾ


ಕೆಂಗೇರಿ
8 ಮೇ 1975

ನನ್ನ ಕೋಕಿಲಾಗೆ,

ಸುಳ್ಳು ಬರೆದದ್ದು ನನ್ನ ತಪ್ಪು. ನಿನಗೆ ನೋವಾಗದಿರಲಿ ಎಂದು ಬರೆದೆ ಅಂತ ದೊಡ್ಡವರು ಹೇಳುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಿನ್ನ ಹತ್ತಿರ ಆ ಮಾತನ್ನು ಆಡಲು ನನಗೆ ಹೆದರಿಕೆಯಾಗಿತ್ತು, ನಿಜ ಅದು. ನನ್ನನ್ನು ಕ್ಷಮಿಸು ಮಗು. ಮಕ್ಕಳ ಹತ್ತಿರ ಕ್ಷಮೆ ಕೇಳುವುದನ್ನು ನನಗೆ ಯಾರೂ ಕಲಿಸಲಿಲ್ಲ, ಅದಕ್ಕೇ ಇಷ್ಟು ತಡವಾಯಿತು.

ಹೋದ ವಾರ ಕೆಂಚಿ ಮತ್ತೆ ಮರಿ ಹಾಕಿದೆ. ಮೂರು. ಇನ್ನೂ ಕಣ್ಣು ಬಿಟ್ಟಿಲ್ಲ. ಯಾವುದನ್ನೂ ಎಲ್ಲಿಗೂ ಕಳಿಸುವುದಿಲ್ಲ. ನೀನು ಬಂದು ನೋಡು. ರಜೆ ಮುಗಿಯುವವರೆಗೆ ಇರು, ಬೇಡವಾದರೆ ಒಂದೇ ದಿನ ಇದ್ದು ಹೋಗು. ನಿನಗೆ ಎಷ್ಟು ದಿನ ಬೇಕೋ ಅಷ್ಟು ದಿನ.

ನಿನ್ನ ಅತ್ತೆ


ರಾಜಾಜಿನಗರ, ಬೆಂಗಳೂರು
19 ಮೇ 1975

ಪೂಜ್ಯ ಅತ್ತೆಯವರಿಗೆ ಕೋಕಿಲಾ ಮಾಡುವ ನಮಸ್ಕಾರಗಳು.

ನೀವು ಬರೆದ ಪತ್ರ ತಲುಪಿತು. ನಾವು ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀವು ಚೆನ್ನಾಗಿದ್ದೀರಿ ಎಂದು ತಿಳಿದಿದ್ದೇನೆ. ನಾನು ಮೂರನೇ ತರಗತಿಗೆ ಪಾಸಾಗಿದ್ದೇನೆ. ಅಜ್ಜಿಯ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ.

ನೀವು ನನ್ನನ್ನು ರಜಕ್ಕೆ ಕರೆದಿದ್ದೀರಿ. ಕೆಂಚಿ ಮೂರು ಮರಿ ಹಾಕಿದೆ ಎಂದು ಬರೆದಿದ್ದೀರಿ. ಅದು ನಿಜವೇ?

ಇಂತಿ ನಿಮ್ಮ ವಿಧೇಯ,
ಪಿ. ಕೋಕಿಲಾ